ಹಿಡಿದುಕೊಳ್ಳುವ ಕೆಲಸ

ಜೂನ್ ೩, ಸೋಮವಾರ

ಈ ಕೆಲಸಕ್ಕೆ ಸೇರಿ ಇಂದಿಗೆ ಮೂರು ತಿಂಗಳು. ಇಪ್ಪತ್ತೆರಡು ವರ್ಷ ರೈಲು ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಗಾಡಿ ಎಷ್ಟು ತಡ, ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಊರಿಗೆಲ್ಲ ಹೇಳಿದವಳು ನಾನು. ಕೊನೆಗೆ ನನ್ನದೇ ಧ್ವನಿಯನ್ನು ಯಂತ್ರಕ್ಕೆ ತುಂಬಿಸಿಕೊಂಡು ನನ್ನನ್ನು ಮನೆಗೆ ಕಳಿಸಿದರು. ಈಗ ನಾನು ರೈಲು ಹತ್ತಬೇಕಾದರೆ ನನ್ನ ಮಾತನ್ನೇ ಕೇಳಿಕೊಂಡು ಹತ್ತಬೇಕು. ಇರಲಿ. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ.

ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನನ್ನ ಕೆಲಸ ಒಂದೇ. ಚಿಕಿತ್ಸೆ ಶುರು ಮಾಡಿದ ಯಾವ ಕುಟುಂಬವೂ ನಡುವೆ ಕೈಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದು. ಫೋನ್ ಮಾಡುವುದು, ತಾರೀಖು ನೆನಪಿಸುವುದು, ಧೈರ್ಯ ಹೇಳುವುದು. ನಾನು ಬರುವ ಮೊದಲು ಹತ್ತು ಕುಟುಂಬಗಳಲ್ಲಿ ಎರಡಾದರೂ ನಡುದಾರಿಯಲ್ಲಿ ಕಾಣೆಯಾಗುತ್ತಿದ್ದವಂತೆ. ನಾನು ಬಂದ ಮೇಲೆ ಒಂದೂ ಇಲ್ಲ. ಬರೆದಿಡುತ್ತೇನೆ, ಒಂದೂ ಇಲ್ಲ.

ಇಂದು ಹೊಸ ಹುಡುಗಿ ಬಂದಳು. ಆರು ವರ್ಷ, ರಕ್ತದ ಕ್ಯಾನ್ಸರ್. ಅಪ್ಪ ವೆಲ್ಡರ್, ಕೈತುಂಬ ಕಿಡಿ ಹಾರಿ ಸುಟ್ಟ ಚುಕ್ಕೆಗಳು. ಅಪ್ಪ ಅಮ್ಮ ಇಬ್ಬರಿಗೂ ಮಾತು ಕಡಿಮೆ. ಅವರಿಬ್ಬರ ಪಾಲನ್ನೂ ಮಗಳೇ ಆಡುತ್ತಾಳೆ. ರಕ್ತ ತೆಗೆಯಲು ಬಂದ ಹೆಡ್ ಸಿಸ್ಟರನ್ನು ತಡೆದು ಕೇಳಿದಳು.

"ಇದು ನನ್ ರಕ್ತ ತಾನೇ? ವಾಪಸ್ ಯಾವಾಗ ಕೊಡ್ತೀರಾ?"

"ಕೊಡಲ್ಲ ಪುಟ್ಟಿ. ಪರೀಕ್ಷೆ ಮಾಡ್ತೀವಿ."

"ಪರೀಕ್ಷೆ ಆದ್ಮೇಲೆ?"

"ಆಮೇಲೆ ಚೆಲ್ತೀವಿ."

"ಚೆಲ್ಲೋದಾದ್ರೆ ನನ್ನೊಳಗೇ ಇರ್ಲಿ ಬಿಡಿ."

ಮೂವತ್ತು ವರ್ಷ ಸೂಜಿ ಹಿಡಿದ ಸಿಸ್ಟರ್ ತಬ್ಬಿಬ್ಬಾದರು. ಆಗಲೇ ಹುಡುಗಿಗೆ ಹೆಸರು ಬಿತ್ತು, ವಕೀಲಮ್ಮ.

ಜೂನ್ ೫, ಬುಧವಾರ

ಇಂದು ವಕೀಲಮ್ಮನಿಗೆ ಬೆನ್ನಿನ ಇಂಜೆಕ್ಷನ್. ಕಾಯಿಲೆ ಮೆದುಳಿನ ಕಡೆಗೆ ನುಸುಳದ ಹಾಗೆ ಬೆನ್ನುಮೂಳೆಯ ಸಂದಿನಲ್ಲಿ ಸೂಜಿ ಇಳಿಸಿ ಔಷಧ ಕೊಡುತ್ತಾರೆ. ಮಗು ಮಗ್ಗುಲಾಗಿ ಮಲಗಿ, ಮಂಡಿಯನ್ನೂ ಗಲ್ಲವನ್ನೂ ಎದೆಗೆ ತಾಗಿಸಿ, ಮುಟ್ಟಿದರೆ ಸುರುಳಿಯಾಗುವ ಹುಳುವಿನ ಹಾಗೆ ಮುದುರಿಕೊಂಡಿರಬೇಕು. ಕದಲಬಾರದು. ಮಂಪರು ಕೊಡುವ ಡಾಕ್ಟರ್ ದೊಡ್ಡ ಆಪರೇಷನ್‌ಗಳಿಗೇ ಸಾಲದೆ ಓಡಾಡುತ್ತಾರೆ, ನಮ್ಮ ಕಡೆ ಬರುವುದಿಲ್ಲ. ನರ್ಸುಗಳೂ ಕಡಿಮೆ. ಹಾಗಾಗಿ ಮಗುವನ್ನು ಹಿಡಿದುಕೊಳ್ಳುವುದು ಮನೆಯವರ ಕೆಲಸ.

ಅಮ್ಮನಿಗೆ ಕೋಣೆಯ ಬಾಗಿಲಲ್ಲೇ ತಲೆ ಸುತ್ತಿತು. ವೆಲ್ಡರ್ ಹಿಂದೆ ಸರಿದ.

"ನನ್ ಕೈಲಿ ಆಗಲ್ಲ ಅಕ್ಕ. ಬೇರೆ ಯಾರಾದ್ರೂ..."

ನಾನು ಬಿಡುತ್ತೇನೆಯೇ? "ಏನ್ರೀ, ಕಬ್ಬಿಣ ಬಗ್ಗಿಸೋರು ಹೀಗಂದ್ರೆ ಹೇಗೆ? ಬೇರೆಯವರು ಹಿಡಿದ್ರೆ ಮಗು ಹೆದರುತ್ತೆ. ಅಪ್ಪ ಹಿಡಿದ್ರೆ ಅದಕ್ಕೆ ಧೈರ್ಯ. ನಡೀರಿ" ಎಂದು ಭುಜ ಹಿಡಿದು ಒಳಗೆ ಕಳಿಸಿದೆ. ಹುಡುಗಿ ಕಿರುಚಿದ್ದು ಕಾರಿಡಾರಿನ ಆ ತುದಿಗೂ ಕೇಳಿಸಿತು. ಆದರೆ ಹತ್ತು ನಿಮಿಷದಲ್ಲಿ ಮುಗಿಯಿತು. ಗೆದ್ದೆ.

ಜೂನ್ ೧೪, ಶುಕ್ರವಾರ

ವಾರ್ಡಿನಲ್ಲಿ ಈಗ ನನಗೊಂದು ಹೊಸ ಪದವಿ. ಊಟದ ಗಾಡಿ ಬರುವಾಗ ನನ್ನ ಹಳೆಯ ಧ್ವನಿ ತೆಗೆದು, "ಪ್ರಯಾಣಿಕರ ಗಮನಕ್ಕೆ! ಅಡುಗೆಮನೆಯಿಂದ ಹೊರಟ ಅನ್ನ-ಸಾರು ಗಾಡಿ ಕೆಲವೇ ಕ್ಷಣಗಳಲ್ಲಿ ಮೂರನೇ ಮಂಚಕ್ಕೆ ಬರಲಿದೆ" ಎಂದು ಪ್ರಕಟಣೆ ಕೊಡುತ್ತೇನೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ವಕೀಲಮ್ಮ ನನ್ನನ್ನು 'ರೈಲಜ್ಜಿ' ಎಂದಳು. ನನಗಿನ್ನೂ ನಲವತ್ತೆಂಟು. ತಲೆಗೆ ಬಣ್ಣ ಹಚ್ಚಿದ್ದೇನೆ ಎಂದೆ. "ಬಣ್ಣ ಹಚ್ಚಿದ್ರೆ ಅಜ್ಜಿನೇ" ಎಂದಳು. ಅಪೀಲಿಗೆ ಅವಕಾಶವಿಲ್ಲ.

ಅವಳದೇ ಕೂದಲು ಈಗ ದಿಂಬಿನ ಮೇಲೆ ಗೊಂಚಲು ಗೊಂಚಲಾಗಿ ಬೀಳುತ್ತಿದೆ. ಅಮ್ಮ ಅದನ್ನು ಯಾರಿಗೂ ಕಾಣದ ಹಾಗೆ ಬಟ್ಟೆಯಲ್ಲಿ ಸುತ್ತಿಡುತ್ತಾಳೆ. "ಕೂದಲು ಮತ್ತೆ ಬರುತ್ತೆ, ಅದಕ್ಕೆಲ್ಲ ಯಾಕೆ ಅಳ್ತೀಯಮ್ಮ" ಎಂದು ಅರ್ಧ ಗಂಟೆ ಕೂರಿಸಿಕೊಂಡು ಬುದ್ಧಿ ಹೇಳಿದೆ. ತಲೆಯಾಡಿಸಿದಳು.

ಜೂನ್ ೧೯, ಬುಧವಾರ

ಮೊನ್ನೆ ವಕೀಲಮ್ಮನಿಗೆ ಎರಡನೇ ಬೆನ್ನಿನ ಇಂಜೆಕ್ಷನ್ ಆಯಿತು. ಈ ಸಲ ಸದ್ದೇ ಇಲ್ಲ. ಅಪ್ಪನೇ ಹಿಡಿದುಕೊಂಡ. ಎರಡು ದಿನದಿಂದ ಸಿಸ್ಟರ್ ಜೊತೆ ವಾದವೂ ಇಲ್ಲ, ಕೈ ನೀಡು ಎಂದರೆ ನೀಡುತ್ತಾಳೆ. ಹುಡುಗಿ ಹದಕ್ಕೆ ಬಂದಿದ್ದಾಳೆ. ಮಾತಿನಲ್ಲಿ ತಿದ್ದಿದರೆ ಯಾರು ತಿದ್ದಿಕೊಳ್ಳುವುದಿಲ್ಲ?

ಒಂದು ಹಟ ಮಾತ್ರ ಉಳಿದಿದೆ. ಅಪ್ಪ ನೀರು ಕೊಟ್ಟರೆ ಕುಡಿಯುವುದಿಲ್ಲ. ಗೋಡೆಗೆ ಬೆನ್ನು ಒತ್ತಿಕೊಂಡು ಕೂರುತ್ತಾಳೆ. ಮಕ್ಕಳ ಚೇಷ್ಟೆ. ವೆಲ್ಡರ್ ಕಾರಿಡಾರಿನ ಬೆಂಚಿನಲ್ಲಿ ಕೂತಿರುತ್ತಾನೆ. "ಒಳಗೆ ಹೋಗಿ ಮಗಳ ಹತ್ರ ಕೂತ್ಕೊಳ್ರೀ" ಎಂದೆ. "ಹೂಂ" ಎಂದ. ಗಂಡಸರಿಗೆ ಆಸ್ಪತ್ರೆ ಆಗುವುದಿಲ್ಲ.

ಜೂನ್ ೨೫, ಮಂಗಳವಾರ

ಅಕ್ಕನ ಜೊತೆ ಜಗಳ. ಭಾವ ತೀರಿಕೊಂಡ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ, ಆರು ವರ್ಷವಾಯಿತು. ಏನೋ ಹೇಳಲು ಬಂದಳಂತೆ, ನಾನು ನಡುವೆ ಬಾಯಿ ಹಾಕಿ ನನ್ನ ವಾರ್ಡಿನ ಕಥೆ ಶುರು ಮಾಡಿದೆನಂತೆ. "ಮನೆಗೆ ಬಂದ ಮೇಲಾದ್ರೂ ಆ ಮೈಕ್ ಆಫ್ ಮಾಡೇ!" ಎಂದು ತಟ್ಟೆ ಕುಕ್ಕಿ ಎದ್ದು ಹೋದಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅವಳಿಗೆ.

ಜುಲೈ ೫, ಶುಕ್ರವಾರ

ಒಳ್ಳೆಯ ಸುದ್ದಿ. ವಕೀಲಮ್ಮನ ಮೂಳೆಮಜ್ಜೆಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣ ಒಂದೂ ಕಾಣಲಿಲ್ಲ! ನಮ್ಮ ವಾರ್ಡಿನ ಡಾಕ್ಟರಮ್ಮ ಎಂದೂ ನಗದವರು ಇಂದು ಅರ್ಧ ನಕ್ಕರು. ಆಮೇಲೆ ಅಪ್ಪ ಅಮ್ಮನಿಗೆ ಹೇಳಿದರು. "ಕಾಣ್ತಿಲ್ಲ ಅಂದ್ರೆ ಇಲ್ಲ ಅಂತಲ್ಲ. ಅಡಗಿರುತ್ತೆ. ಎರಡನೇ ಹಂತ ಹದಿನೈದಕ್ಕೆ ಶುರು. ಬಿಡೋ ಹಾಗಿಲ್ಲ."

ನಾನು ಅದನ್ನೇ ಬಿಡಿಸಿ ಹೇಳಿದೆ. "ನೋಡಿ, ದೊಡ್ಡ ಸ್ಟೇಷನ್ ಬಂತು ಅಂತ ಎಲ್ಲರೂ ಇಳಿಯೋಕೆ ನೋಡ್ತಾರೆ. ನಿಮ್ಮ ಊರು ಇನ್ನೂ ಮುಂದಿದೆ. ಇಳೀಬೇಡಿ." ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಹೇಳಿದೆ. ವೆಲ್ಡರ್ ಹೂಂಗುಟ್ಟಿದ. ಹತ್ತು ದಿನದ ಮಟ್ಟಿಗೆ ಊರಿಗೆ ಹೋದರು. ಹೋಗುವಾಗ ವಕೀಲಮ್ಮ ಅಮ್ಮನ ಸೊಂಟದ ಮೇಲಿಂದ ನನಗೆ ಕೈಬೀಸಿದಳು. ಚೀಲಗಳನ್ನೆಲ್ಲ ಹೊತ್ತುಕೊಂಡು ಅಪ್ಪ ಹತ್ತು ಹೆಜ್ಜೆ ಹಿಂದೆ.

ಜುಲೈ ೧೫, ಸೋಮವಾರ

ಬರಲಿಲ್ಲ. ಬಸ್ಸು ತಪ್ಪಿರಬೇಕು.

ಜುಲೈ ೧೭, ಬುಧವಾರ

ಫೋನಿನಲ್ಲಿ ಅಮ್ಮ ಸಿಕ್ಕಳು. "ನಾಡಿದ್ದು ಬರ್ತೀವಿ ಅಕ್ಕ" ಎಂದಳು. ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಯಾಕೆ ಬರಲೇಬೇಕು ಎಂದು ಇಪ್ಪತ್ತು ನಿಮಿಷ ವಿವರಿಸಿದೆ. ಆಮೇಲೆ ಫೋನು ಬಂದ್.

ಜುಲೈ ೧೯, ಶುಕ್ರವಾರ

ಡಾಕ್ಟರಮ್ಮ ಕರೆದರು. "ಎಲ್ಲಿ ಆ ಹುಡುಗಿ?"

"ಫೋನ್ ತೆಗೀತಿಲ್ಲ ಡಾಕ್ಟ್ರೇ."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ ನಿಲ್ಲಿಸಿದ್ರೆ ಕೆಲವೇ ತಿಂಗಳಲ್ಲಿ ವಾಪಸ್ ಬರುತ್ತೆ. ಆಗ ಇದೇ ಔಷಧಿಗೆ ಬಗ್ಗಲ್ಲ. ಪೂರ್ತಿ ಮಾಡಿದ್ರೆ ಇವಳು ಬದುಕೋ ಹುಡುಗಿ. ಹೋಗಿ ಕರ್ಕೊಂಡು ಬನ್ನಿ."

ನಾಳೆಯೇ ಹೊರಡುತ್ತೇನೆ. ಎದುರಿಗೆ ಕೂರಿಸಿಕೊಂಡು ಮಾತಾಡಿದರೆ ನನ್ನ ಮಾತು ಮೀರಿದವರು ಇಲ್ಲ.

ಜುಲೈ ೨೦, ಶನಿವಾರ

ಮೂರು ಗಂಟೆಯ ಬಸ್ಸು, ಅರ್ಧ ಗಂಟೆಯ ನಡಿಗೆ. ರಸ್ತೆಗೆ ಮುಖ ಮಾಡಿ ವೆಲ್ಡಿಂಗ್ ಶೆಡ್ಡು, ಹಿಂದೆ ಎರಡು ಕೋಣೆಯ ಮನೆ. ಅಂಗಳದಲ್ಲಿ ವಕೀಲಮ್ಮ ಪಕ್ಕದ ಮನೆಯ ಹುಡುಗಿಯ ಜೊತೆ ಜಗಳ ಕಾಯುತ್ತಿದ್ದಳು. ಕೆನ್ನೆ ತುಂಬಿದೆ, ತಲೆಯ ಮೇಲೆ ತೆಳ್ಳಗೆ ತುಪ್ಪಳದ ಹಾಗೆ ಕೂದಲು. ನೋಡಿದರೆ ಯಾರು ಕಾಯಿಲೆ ಎನ್ನುತ್ತಾರೆ? ನನ್ನನ್ನು ಕಂಡು "ರೈಲಜ್ಜಿ!" ಎಂದು ಓಡಿ ಬರುತ್ತಿದ್ದವಳು ಅರ್ಧ ದಾರಿಯಲ್ಲಿ ನಿಂತಳು. ಹಾಗೇ ಹಿಂದಕ್ಕೆ ಹೆಜ್ಜೆಯಿಟ್ಟು, ಗೋಡೆಗೆ ಬೆನ್ನು ತಾಗುವವರೆಗೂ ಸರಿದಳು.

ಗಂಡ ಹೆಂಡತಿಯನ್ನು ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದೆ. ಗುಣವಾದ ಮಕ್ಕಳ ಉದಾಹರಣೆ ಕೊಟ್ಟೆ. ನಡುವೆ ಬಿಟ್ಟವರ ಗತಿಯನ್ನೂ ಹೇಳಿದೆ. ಅಮ್ಮ ಅತ್ತಳು. ವೆಲ್ಡರ್ ನೆಲ ನೋಡುತ್ತಾ ಹೂಂ, ಹೂಂ ಎಂದ. ಕೊನೆಗೆ "ಸೋಮವಾರ ಬರ್ತೀವಿ" ಎಂದ. ಮಾತು ತೆಗೆದುಕೊಂಡೇ ಎದ್ದೆ.

ಜುಲೈ ೨೨, ಸೋಮವಾರ

ಬರಲಿಲ್ಲ.

ಜುಲೈ ೨೩, ಮಂಗಳವಾರ

ನನಗೆ ಬಂದಷ್ಟು ಕೋಪ ಯಾರಿಗೂ ಬಂದಿರಲಿಕ್ಕಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಬಂದೆನಲ್ಲ! ಊಟಕ್ಕೆ ಕೂತಾಗ ಅಕ್ಕನ ಹತ್ತಿರ ಎಲ್ಲ ಒದರಿಕೊಂಡೆ. ಅವಳು ಅನ್ನ ಕಲಸುತ್ತಾ ಕೇಳಿದಳು.

"ಅದಕ್ಕೆ ಆ ಅಪ್ಪ ಏನಂದ?"

"ಹೂಂ ಅಂದ."

"ಮುಕ್ಕಾಲು ಗಂಟೇಲಿ?"

"ಹೂಂ ಅಂದ ಅಂದ್ನಲ್ಲ!"

"ಸರಿ ಬಿಡು. ನೀನು ಕೇಳಿದ್ದಕ್ಕೆ ಅಂದ್ನೋ, ನಿನ್ನ ಬಾಯಿ ಮುಚ್ಚಿಸೋಕೆ ಅಂದ್ನೋ, ಯಾರಿಗೊತ್ತು."

ಉತ್ತರ ಕೊಡಲು ಬಾಯಿ ತೆರೆದೆ. ಅವನನ್ನು ಏನು ಕೇಳಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಪ್ರಶ್ನೆಯೂ ನೆನಪಾಗಲಿಲ್ಲ.

ಜುಲೈ ೨೪, ಬುಧವಾರ

ಮತ್ತೆ ಹೋದೆ. ಡಾಕ್ಟರಮ್ಮನಿಗೂ ಹೇಳಿರಲಿಲ್ಲ.

ವೆಲ್ಡರ್ ಶೆಡ್ಡಿನಲ್ಲಿ ಕೆಲಸದಲ್ಲಿದ್ದ. ಯಾರದೋ ಮನೆಯ ದೊಡ್ಡ ಗೇಟು, ಸಂಜೆಯೊಳಗೆ ಕೊಡಬೇಕಂತೆ. ನಾನು ಬಾಯಿ ತೆರೆದರೆ ಯಂತ್ರದ ಸದ್ದು. ನಿಲ್ಲಿಸು ಎಂದು ಸನ್ನೆ ಮಾಡಿದೆ. ಅವನು ಒಂದು ಸ್ಟೂಲು ಎಳೆದು ಕೊಟ್ಟ, ಬೆಳಕು ಕಣ್ಣಿಗೆ ಹೊಡೆಯದ ಹಾಗೆ ಕಪ್ಪು ಗಾಜಿನ ಮುಖವಾಡವನ್ನೂ ಕೊಟ್ಟ. ಹಾಕಿಕೊಂಡು ಕೂತೆ. ಆ ಗಾಜಿನೊಳಗೆ ಲೋಕವೆಲ್ಲ ಕತ್ತಲು, ಒಂದು ಹಸಿರು ಚುಕ್ಕೆ ಮಾತ್ರ ನಿಧಾನವಾಗಿ ನಡೆಯುತ್ತಿತ್ತು. ಎರಡು ಗಂಟೆ ಕೂತಿದ್ದೆ. ಅಷ್ಟು ಹೊತ್ತು ಸುಮ್ಮನೆ ಎಲ್ಲೂ ಕೂತವಳಲ್ಲ ನಾನು. ಬೇರೆ ದಾರಿ ಇರಲಿಲ್ಲ.

ಗೇಟು ಮುಗಿಯಿತು. ಸುತ್ತಿಗೆಯಲ್ಲಿ ಬೆಸುಗೆಯ ಮೇಲಿನ ಕಿಟ್ಟ ತಟ್ಟುತ್ತಾ, ನನ್ನ ಕಡೆ ನೋಡದೆ, ಅವನೇ ಶುರು ಮಾಡಿದ.

"ಅಕ್ಕ, ಅವತ್ತು ನೀವು ಹೇಳಿದ್ರಿ. ಅಪ್ಪ ಹಿಡಿದ್ರೆ ಮಗೂಗೆ ಧೈರ್ಯ ಅಂತ."

"ಹೇಳಿದ್ದೆ."

"ಮೊದಲನೇ ಸಲ ಕಿರುಚಿದ್ಳು. ಕಿರುಚಿದ್ರೆ ಪರವಾಗಿಲ್ಲ, ತಡ್ಕೋಬಹುದು. ಎರಡನೇ ಸಲ ಕಿರುಚಲಿಲ್ಲ. ನನ್ನ ಕಿವಿ ಹತ್ರ ಬಾಯಿ ತಂದು, 'ಅಪ್ಪಾ, ಬಿಟ್ಬಿಡು, ಇನ್ಮೇಲೆ ನಾನು ಯಾರಿಗೂ ಎದುರು ಮಾತಾಡಲ್ಲ' ಅಂದ್ಳು."

ಸುತ್ತಿಗೆ ನಿಂತಿತು.

"ಅವಳು ಅದನ್ನ ಶಿಕ್ಷೆ ಅಂದ್ಕೊಂಡಿದ್ದಾಳೆ ಅಕ್ಕ. ಜಾಸ್ತಿ ಮಾತಾಡಿದ್ದಕ್ಕೆ ಅಪ್ಪ ಹಿಡ್ಕೊಂಡು ಚುಚ್ಚಿಸ್ತಿದ್ದಾನೆ ಅಂತ. ಮೂರನೇ ಸಲ ನನ್ನ ಕಂಡ ಕೂಡ್ಲೇ ತಾನೇ ಮುದುರಿಕೊಂಡು ಮಲಗಿದ್ಳು. ಹಿಡಿಯೋ ಕೆಲಸನೇ ಇರಲಿಲ್ಲ. ಎರಡನೇ ಸಲ ಆದಾಗಿಂದ್ಲೇ ನನ್ನ ಹತ್ರ ಬರ್ತಿರಲಿಲ್ಲ. ನನ್ನ ಹೆಜ್ಜೆ ಸದ್ದು ಕೇಳಿದ್ರೆ ಬೆನ್ನು ಗೋಡೆಗೆ ಕೊಡೋಳು."

ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಮಾತಿದ್ದವು. ಮಕ್ಕಳು ಮರೆಯುತ್ತವೆ, ಜೀವಕ್ಕಿಂತ ದೊಡ್ಡದೇ, ಎಲ್ಲ ಇದ್ದವು. ಯಾವುದೂ ಹೊರಗೆ ಬರಲಿಲ್ಲ. ಆಮೇಲೇನಾಯಿತು ಎಂದು ಮಾತ್ರ ಕೇಳಿದೆ.

"ಊರಿಗೆ ಬಂದ್ಮೇಲೆ ಸ್ವಲ್ಪ ಸ್ವಲ್ಪ ಸರಿಹೋದ್ಳು. ಒಂದಿನ ತಟ್ಟೆ ತಂದು ನನ್ನ ಪಕ್ಕ ಕೂತ್ಳು. ಹದಿನಾಲ್ಕನೇ ತಾರೀಖು, ಭಾನುವಾರ, ಮಧ್ಯಾಹ್ನ ಬಂದು ನನ್ನ ತೊಡೆ ಮೇಲೆ ಮಲಗಿ ನಿದ್ದೆ ಹೋದ್ಳು. ಬೆನ್ನು ನನ್ನ ಕಡೆ ಇತ್ತು ಅಕ್ಕ. ನನ್ನ ಕಡೆ ಬೆನ್ನು ಮಾಡಿ ಮಲಗಿದ್ಳು." ಕೈಯಗಲ ಮಾಡಿ ತೋರಿಸಿದ, ಇಷ್ಟು ಬೆನ್ನು. "ಮಾರನೇ ದಿನ ಹದಿನೈದು. ಅವಳನ್ನ ಎತ್ಕೊಂಡು ಬಸ್ ಹತ್ತೋಕೆ ನನ್ನ ಕೈಲಿ ಆಗ್ಲಿಲ್ಲ. ಸಾಯ್ತಾಳೆ ಅಂತ ಗೊತ್ತು. ನನಗೆ ಗೊತ್ತಿಲ್ವಾ? ನೀವು ಹೇಳೋದೆಲ್ಲ ಗೊತ್ತು."

ಗಂಡಸು ಸುಟ್ಟ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ. ನಾನು ಅಳಬೇಡಿ ಎನ್ನಲಿಲ್ಲ. ಸ್ಟೂಲಿನ ಮೇಲೆ ಕೂತೇ ಇದ್ದೆ. ಅವನಾಗಿಯೇ ಸುಮ್ಮನಾದ ಮೇಲೆ ಕೇಳಿದೆ, "ನೀವು ಹಿಡ್ಕೊಳ್ಳೋದು ಬೇಡ ಅಂದ್ರೆ ಬರ್ತೀರಾ?"

"ಮತ್ತೆ ಯಾರು ಹಿಡ್ಕೋತಾರೆ?"

"ನಾನು."

ನಾನೇನು ಯೋಚಿಸಿ ಹೇಳಿದ್ದಲ್ಲ, ಬಾಯಿ ತಾನಾಗಿ ಹೇಳಿತು. "ನೀವು ಹೊರಗಿರಿ. ಮುಗಿದ ತಕ್ಷಣ ನೀವು ಒಳಗೆ ಬಂದು ಎತ್ಕೊಳ್ಳಿ. ಹಿಡ್ಕೊಂಡವಳು ನಾನಾಗಲಿ, ಬಿಡಿಸ್ಕೊಂಡೋರು ನೀವಾಗಲಿ."

"ನಿಮ್ಮನ್ನ ಕಂಡ್ರೆ ಅವಳಿಗೆ ಇಷ್ಟ ಅಕ್ಕ. ಆಮೇಲೆ ನಿಮ್ಮ ಮುಖ ನೋಡಲ್ಲ."

"ನೋಡದಿದ್ರೆ ಬಿಡ್ಲಿ. ನನಗೇನು ಅವಳು ಜೀವನಪೂರ್ತಿ ಬೇಕಾ? ನಿಮಗೆ ಬೇಕು."

ಅವನು ಸುತ್ತಿಗೆಯನ್ನು ಪೆಟ್ಟಿಗೆಗೆ ಹಾಕಿದ. ಆಮೇಲೆ ಯಂತ್ರದ ವೈರು ಸುತ್ತತೊಡಗಿದ. "ನಾಡಿದ್ದು ಬೆಳಗಿನ ಮೊದಲ ಬಸ್ಸಿಗೆ ಹೊರಡ್ತೀವಿ" ಎಂದ. ಹಿಂದೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಯಾವಾಗ ಬಂದಳೋ. ಅವಳು ನನಗೆ ಹೇಳಿದ್ದು ಇಷ್ಟೇ. "ಬ್ಯಾಗು ಹದಿನಾಲ್ಕಕ್ಕೇ ಕಟ್ಟಿಟ್ಟಿದ್ದೆ ಅಕ್ಕ. ಇನ್ನೂ ಬಿಚ್ಚಿಲ್ಲ."

ಜುಲೈ ೨೫, ಗುರುವಾರ

ಜೂನ್ ಐದರ ಪುಟ ತೆಗೆದು ನೋಡಿದೆ. 'ಗೆದ್ದೆ' ಎಂದು ಬರೆದಿದ್ದೇನೆ.

ಹೆಡ್ ಸಿಸ್ಟರ್ ಹತ್ತಿರ ಹೋಗಿ, ಹಿಡಿದುಕೊಳ್ಳುವುದನ್ನು ಕಲಿಸಿಕೊಡಿ ಎಂದೆ. ನಕ್ಕರು. ಕಾರಣ ಹೇಳಿದ ಮೇಲೆ ನಗು ನಿಂತಿತು. ತಾವೇ ಮಂಚದ ಮೇಲೆ ಮುದುರಿ ಮಲಗಿ, ಎಂಬತ್ತು ಕಿಲೋ ತೂಕದವರು, ನನ್ನ ಕೈಯನ್ನು ಎಲ್ಲೆಲ್ಲಿ ಇಡಬೇಕೆಂದು ತೋರಿಸಿದರು. "ಒಂದು ಕೈ ಕತ್ತಿನ ಹಿಂದೆ, ಒಂದು ಮಂಡಿ ಹಿಂದೆ. ಅಮುಕಬೇಡಿ. ಅಪ್ಪಿಕೊಂಡ ಹಾಗಿರ್ಬೇಕು, ಬಿಡೋ ಹಾಗೆ ಮಾತ್ರ ಇರ್ಬಾರ್ದು. ಮತ್ತೆ, ಸುಳ್ಳು ಹೇಳ್ಬೇಡಿ. ಇರುವೆ ಕಚ್ಚಿದ ಹಾಗೆ ಅಂತೆಲ್ಲ ಹೇಳಿದ್ರೆ ಎರಡನೇ ಸಲ ನಂಬಲ್ಲ."

ಆಮೇಲೆ ಡಾಕ್ಟರಮ್ಮನನ್ನು ಕೇಳಿದೆ, ಮಂಪರಿನ ಡಾಕ್ಟರ್ ವಾರದಲ್ಲಿ ಒಂದು ಗಂಟೆ ನಮಗೆ ಸಿಗುವುದಿಲ್ಲವೇ ಎಂದು. "ಮೂರು ವರ್ಷದಿಂದ ಕೇಳ್ತಿದ್ದೀನಿ" ಎಂದರು. "ಹೊರಟೇ ಹೋದ ಒಂದು ಕುಟುಂಬದ ಕಥೆ ಇದೆ, ಬರೆದು ಕೊಡ್ಲಾ?" ಎಂದೆ. ಅವರು ಪೆನ್ನು ಕೊಟ್ಟರು. ವೆಲ್ಡರ್ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ, ನನ್ನದೇನೂ ಸೇರಿಸಲಿಲ್ಲ.

ಜುಲೈ ೨೬, ಶುಕ್ರವಾರ

ಬಂದರು! ಮೊದಲ ಬಸ್ಸಿಗೇ.

ಸೂಜಿ ಚುಚ್ಚುವ ಜಾಗಕ್ಕೆ ಮರಗಟ್ಟಿಸುವ ಮುಲಾಮು ಹಚ್ಚಿ ಒಂದು ಗಂಟೆ ಕಾದೆವು. ಕೋಣೆಯೊಳಗೆ ವಕೀಲಮ್ಮ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಆಡಲು ಬಂದಿದ್ದೇನೆ ಎಂದುಕೊಂಡಳು.

ಮಂಡಿಯೂರಿ ಅವಳ ಎತ್ತರಕ್ಕೆ ಕೂತೆ. "ಇವತ್ತು ನಿನ್ನ ಹಿಡ್ಕೊಳ್ಳೋದು ನಾನು. ನೋಯುತ್ತೆ. ನೀನು ಅಲ್ಲಾಡಿದ್ರೆ ಇನ್ನೂ ನೋಯುತ್ತೆ, ಅದಕ್ಕೆ ನಾನು ಬಿಡಲ್ಲ. ಕಿರುಚಬಹುದು, ಬೈಯಬಹುದು. ಮುಗಿದ ತಕ್ಷಣ ಅಪ್ಪ ಬಂದು ನಿನ್ನ ಎತ್ಕೋತಾರೆ."

"ನಾನೇನು ತಪ್ಪು ಮಾಡಿದೆ?"

"ಏನೂ ಇಲ್ಲ. ನೀನು ಎಷ್ಟು ಬೇಕಾದ್ರೂ ಮಾತಾಡು, ಮಾತಾಡದೇ ಇರು, ಈ ಸೂಜಿ ಬರೋದೇ. ಇದು ಔಷಧಿ. ಶಿಕ್ಷೆ ಅಲ್ಲ."

ನಂಬಿದಳೋ ಇಲ್ಲವೋ. ಹಿಡಿದುಕೊಂಡೆ. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬಂತೋ. "ರೈಲಜ್ಜಿ, ಕೆಟ್ಟೋಳು ನೀನು! ಕಳ್ಳಿ! ಬಣ್ಣ ಹಚ್ಚಿದ ಕಳ್ಳಿ!" ಎಂದು ಕೂಗಿದಳು. ನನ್ನ ಮೊಣಕೈ ಕಚ್ಚಿದಳು. ನಾನು ಪ್ರಕಟಣೆ ಕೊಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವಳು ಬೈದದ್ದಕ್ಕೆಲ್ಲ "ಹೂಂ" ಎಂದೆ. ಆರು ನಿಮಿಷ.

ಬಾಗಿಲು ತೆರೆಯಿತು. ವೆಲ್ಡರ್ ಒಳಗೆ ಬಂದು ಎರಡೂ ಕೈ ಚಾಚಿದ. ಅವಳು ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ಕತ್ತಿಗೆ ಜೋತುಬಿದ್ದು, "ಅಪ್ಪಾ, ಇವಳು ಹಿಡ್ಕೊಂಡ್ಳು! ನಾನು ಬೇಡ ಅಂದ್ರೂ ಹಿಡ್ಕೊಂಡ್ಳು!" ಎಂದು ದೂರು ಕೊಟ್ಟಳು.

ಅವನು ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಧ್ವನಿಯನ್ನು ಮಾತ್ರ ಗಡಸು ಮಾಡಿಕೊಂಡ. "ಏನಮ್ಮ, ಯಾಕೆ ಹಿಡ್ಕೊಂಡ್ರಿ ನನ್ ಮಗಳನ್ನ?"

"ತಪ್ಪಾಯ್ತು" ಎಂದೆ.

"ಇನ್ನೊಂದು ಸಲ ಹೇಳು ಅನ್ನು ಅಪ್ಪಾ."

"ಇನ್ನೊಂದು ಸಲ ಹೇಳಿ!"

"ತಪ್ಪಾಯ್ತು ವಕೀಲಮ್ಮ."

ಸಿಸ್ಟರ್ ಟ್ರೇ ಎತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಇಂಜೆಕ್ಷನ್ ಆದ ಮೇಲೆ ಒಂದು ಗಂಟೆ ಮಗು ಅಂಗಾತ ಮಲಗಿರಬೇಕು. ಅಷ್ಟು ಹೊತ್ತೂ ಅಪ್ಪ ಮಂಚದ ಪಕ್ಕ ಬಗ್ಗಿ, ಅವಳ ತಲೆಗೆ ತಲೆ ತಾಗಿಸಿಕೊಂಡು ಇದ್ದ. ನನ್ನ ಮೇಲೆ ಏನೇನೋ ಆರೋಪ ಪಟ್ಟಿ ತಯಾರಾಗುತ್ತಿತ್ತು. ಬಾಗಿಲಾಚೆಗೂ ಕೇಳಿಸುತ್ತಿತ್ತು.

ಮೊಣಕೈ ಮೇಲೆ ಆರು ಹಲ್ಲಿನ ಗುರುತು. ಚೆನ್ನಾಗಿ ಕಚ್ಚಿದ್ದಾಳೆ, ಮೇಲೆ ಎರಡು ಹಲ್ಲು ಬಿದ್ದಿದ್ದರೂ.

ಆಗಸ್ಟ್ ೯, ಶುಕ್ರವಾರ

ವಕೀಲಮ್ಮನ ಮುಂದಿನ ಇಂಜೆಕ್ಷನ್ನೂ ಆಯಿತು. ನಾನೇ ಹಿಡಿದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಡಾಕ್ಟರಮ್ಮ ರೌಂಡ್ಸಿಗೆ ಬಂದಾಗ, "ಇವಳನ್ನ ಕೆಲಸದಿಂದ ತೆಗೀರಿ, ಇವಳು ಸರಿ ಇಲ್ಲ" ಎಂದು ಎದ್ದು ನಿಂತು ಹೇಳಿದಳು. "ವಿಚಾರಣೆ ಮಾಡ್ತೀನಿ" ಎಂದರು ಡಾಕ್ಟರಮ್ಮ, ಗಂಭೀರವಾಗಿ. ಸಿಸ್ಟರ್ ಜೊತೆ ವಾದ ಮತ್ತೆ ಶುರುವಾಗಿದೆ. ಇಂದು ಥರ್ಮಾಮೀಟರಿನ ವಿಚಾರ, ಹತ್ತು ನಿಮಿಷ. ಸಿಸ್ಟರ್ ಸೋತು, ಸಂತೋಷವಾಗಿ ಹೋದರು.

ಇನ್ನೂ ನಾಲ್ಕು ಮಕ್ಕಳ ಅಪ್ಪ-ಅಮ್ಮಂದಿರು ಬಂದು ಕೇಳಿದರು, ನಮ್ಮ ಮಗುವನ್ನೂ ನೀವೇ ಹಿಡ್ಕೋತೀರಾ ಎಂದು. ಒಬ್ಬ ಅಮ್ಮ ಎರಡು ವರ್ಷದಿಂದ ಹಿಡಿಯುತ್ತಿದ್ದಾಳೆ, ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಎಂದೆ. "ಯಾರೂ ಕೇಳಲಿಲ್ಲ" ಎಂದಳು. ಅವಳದನ್ನು ಪೂರ್ತಿ ಕೇಳುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು.

ಆಗಸ್ಟ್ ೧೮, ಭಾನುವಾರ

ಬಟ್ಟೆ ಮಡಚುತ್ತಾ ಅಕ್ಕ, ಭಾವನ ಕೊನೆಯ ವಾರದ ವಿಷಯ ಹೇಳಿದಳು. ಭಾವ ಆಸ್ಪತ್ರೆಯಲ್ಲಿ ಕ್ಷೌರ ಮಾಡಿಸಿಕೊಳ್ಳಬೇಕೆಂದು ಹಟ ಹಿಡಿದರಂತೆ, ಇವಳೇ ಮಾಡಿದಳಂತೆ. ಕೆನ್ನೆಯಲ್ಲಿ ಒಂದು ಕಡೆ ಕೊಯ್ದು ರಕ್ತ ಬಂದು, ಇಬ್ಬರೂ ನಕ್ಕರಂತೆ. ಆರು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ.

ಮುಗಿದ ಮೇಲೆ ನನ್ನ ಹಣೆ ಮುಟ್ಟಿ ನೋಡಿ, "ಜ್ವರ ಇದೆಯೇನೆ? ಇಷ್ಟು ಸುಮ್ನೆ ಕೂತಿದ್ದೀಯಲ್ಲ" ಎಂದಳು. ಇಲ್ಲ ಎಂದೆ. ವಿಚಿತ್ರದವಳು.

ಸೆಪ್ಟೆಂಬರ್ ೪, ಬುಧವಾರ

ಗೆದ್ದೆವು. ಇಂದಿನಿಂದ ಪ್ರತಿ ಬುಧವಾರ ಒಂದು ಗಂಟೆ ಮಂಪರಿನ ಡಾಕ್ಟರ್ ನಮ್ಮವರು. ಐದು ವರ್ಷದೊಳಗಿನ ಮೂರು ಮಕ್ಕಳಿಗೆ ಇಂದು ಸೂಜಿ ಹಾಕಿದ್ದೇ ಗೊತ್ತಾಗಲಿಲ್ಲ. ಎದ್ದು ಬಿಸ್ಕತ್ತು ಕೇಳಿದವು. ದೊಡ್ಡ ಮಕ್ಕಳ ಸರದಿ ಬರಲು ಇನ್ನೊಂದು ಗಂಟೆ ಸಿಗಬೇಕು. ಡಾಕ್ಟರಮ್ಮ ಆಗಲೇ ಎರಡನೇ ಅರ್ಜಿ ಬರೆಯುತ್ತಿದ್ದಾರೆ. ಅಲ್ಲಿಯವರೆಗೆ ನನ್ನ ಕೈ ಇದೆ.

ನವೆಂಬರ್ ೧೪, ಗುರುವಾರ

ವಕೀಲಮ್ಮನ ಎರಡನೇ ಹಂತ ಮುಗಿದು ಮೂರನೆಯದು ನಡೆಯುತ್ತಿದೆ. ರಕ್ತದ ವರದಿ ಚೆನ್ನಾಗಿದೆ. ಇನ್ನೂ ದೂರವಿದೆ, ಆದರೆ ಒಂದು ತಾರೀಖೂ ತಪ್ಪಿಸಿಲ್ಲ. ನನ್ನ ಜೊತೆ ಮಾತು ಮಾತ್ರ ಇಲ್ಲ. ಅಪ್ಪನ ಹೆಗಲ ಮೇಲೆ ಕೂತು ನನ್ನ ಮುಂದೆಯೇ ಹೋದರೂ, ಎದುರಿಗೆ ಗೋಡೆ ಇದ್ದ ಹಾಗೆ ನೋಡುತ್ತಾಳೆ.

ಇಂದು ಎಂಟು ವರ್ಷದ ಹೊಸ ಹುಡುಗಿ ಬಂದಿದ್ದಾಳೆ. ಬೆನ್ನಿನ ಇಂಜೆಕ್ಷನ್ ಹೆಸರು ಕೇಳಿಯೇ ಮಂಚದ ಕೆಳಗೆ ಸೇರಿಕೊಂಡಳು. ಅವಳ ಅಪ್ಪನನ್ನು ಹೊರಗೆ 'ನಿಮಗೇನನ್ನಿಸುತ್ತೆ' ಎಂದು ಕೇಳಿಕೊಂಡು ಒಳಗೆ ಬರುವಷ್ಟರಲ್ಲಿ, ವಕೀಲಮ್ಮ ಡ್ರಿಪ್ಪಿನ ಕಂಬವನ್ನು ಎಳೆದುಕೊಂಡು ಹೋಗಿ ಆ ಮಂಚದ ಮುಂದೆ ನೆಲಕ್ಕೆ ಕೂತಿದ್ದಳು. ನಾನು ಬಾಗಿಲಲ್ಲೇ ನಿಂತೆ.

"ನೋಯುತ್ತೆ" ಎನ್ನುತ್ತಿದ್ದಳು ವಕೀಲಮ್ಮ. "ಆರು ನಿಮಿಷ. ನೀನು ಏನೂ ತಪ್ಪು ಮಾಡಿಲ್ಲ, ಅದು ಬರೀ ಔಷಧಿ. ಆಮೇಲೆ ನಿಮ್ಮಪ್ಪ ಬರ್ತಾರೆ."

ಮಂಚದ ಕೆಳಗಿನಿಂದ ಏನೋ ಸಣ್ಣ ಧ್ವನಿ.

"ಸಿಟ್ಟು ಬರುತ್ತೆ. ಬರದೇ ಇರುತ್ತಾ? ಆದ್ರೆ ಅಪ್ಪನ ಮೇಲೆ ಮಾಡ್ಕೋಬೇಡ, ಅವರಿಗೆ ಅಳು ಬರುತ್ತೆ." ತಿರುಗಿ ನೋಡದೆಯೇ ಹೆಬ್ಬೆರಳನ್ನು ಹಿಂದಕ್ಕೆ ಮಾಡಿ ನನ್ನನ್ನು ತೋರಿಸಿದಳು. "ಅವಳ ಮೇಲೆ ಮಾಡ್ಕೋ. ಕಚ್ಚಿದ್ರೂ ಸುಮ್ನಿರ್ತಾಳೆ. ಅದಕ್ಕೇ ಇಟ್ಟಿರೋದು ಅವಳನ್ನ."

ಮಂಚದ ಕೆಳಗಿನಿಂದ ಹೊಸ ಹುಡುಗಿ ತಲೆ ಹೊರಗೆ ಹಾಕಿದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದಳು. ಆಮೇಲೆ ಹುಬ್ಬು ಗಂಟಿಕ್ಕಿ, ಈಗಿನಿಂದಲೇ ಶುರು ಮಾಡಿದಳು.